ಚಂದ್ರನ ಮುಖಕ್ಕೆ ಟಚಿಂಗ್

ನಾನು ಮೊದಲ ಸಲ ಚಂದ್ರನ ಫೋಟೋ ತೆಗೆದಾಗ ಅವನು ಜೋಳದ ಕಾಳಿನಷ್ಟಿದ್ದ. ಅದೂ ಉದ್ದನೆಯ ಲೆನ್ಸ್ ಹಾಕಿ. ಹರಪನಹಳ್ಳಿಯ ಮದುವೆ ಫೋಟೋಗ್ರಾಫರ್ ಒಬ್ಬರ ಹತ್ತಿರ ಮೊಳದುದ್ದದ ಲೆನ್ಸ್ ಒಂದಿತ್ತು. ಅವರು ಅದನ್ನು ಫೋಟೋ ತೆಗೆಯುವುದಕ್ಕಿಂತ ಹೆಚ್ಚಾಗಿ ಕೊರಳಿಗೆ ಹಾಕಿಕೊಂಡು ಹೆಣ್ಣಿನ ಕಡೆಯವರ ಮುಂದೆ ಓಡಾಡುವುದಕ್ಕೆ ಬಳಸುತ್ತಿದ್ದರು. ಕೈಕಾಲು ಹಿಡಿದು ಎರವಲು ತಂದೆ. ಕೊಟ್ಟೂರಿನ ನಮ್ಮ ಮಾಳಿಗೆಯ ಮೇಲೆ ನಿಂತು ಹೊಡೆದೆ. ರೋಲನ್ನು ದಾವಣಗೆರೆಯ ಕಲರ್ ಲ್ಯಾಬಿಗೆ ಕಳಿಸಿದೆ. ಪ್ರಿಂಟುಗಳ ಕಟ್ಟು ಬಂತು, ಬೀಗರ ಊಟದ ಪಂಕ್ತಿ ಬಂತು, ಮದುಮಗನ ಮಾವನ ಮೀಸೆ ಬಂತು, ಚಂದ್ರ ಮಾತ್ರ ಬರಲಿಲ್ಲ. ಫೋನು ಮಾಡಿ ಕೇಳಿದರೆ ಲ್ಯಾಬಿನವನು ಹೇಳಿದ:

"ಕೊನಿಗೆ ಒಂದಿಷ್ಟು ಫ್ರೇಮು ಖಾಲಿ ಅದಾವ್ರಿ. ನಡುವೆ ಒಂದು ಚುಕ್ಕಿ ಐತೆ. ಧೂಳು ಬಿದ್ದಿರಬೇಕು ಅಂತ ಪ್ರಿಂಟ್ ಹಾಕ್ಲಿಲ್ಲ."

"ಅದು ಧೂಳಲ್ಲಣ್ಣ, ಚಂದ್ರ."

"ಹಂಗಾದ್ರೆ ಸ್ವಲ್ಪ ಹತ್ರ ಹೋಗಿ ತೆಗೀಬೇಕಿತ್ತಪ್ಪ" ಅಂದ.

ಆಮೇಲೆ ಹಟ ಹಿಡಿದು ಹಾಕಿಸಿದ ಪ್ರಿಂಟಿನಲ್ಲಿ ಚಂದ್ರ ಒಂದು ಬಿಳಿ ಮಂಡಕ್ಕಿ. ಕಣ್ಣಿಲ್ಲ, ಮೂಗಿಲ್ಲ, ಮೊಲವಿಲ್ಲ. ಆ ಮಂಡಕ್ಕಿಯನ್ನು ನಾನು ತೆಗೆದದ್ದು ನನಗಾಗಿ ಅಲ್ಲ, ನಮ್ಮ ಸರ್‌ಗಾಗಿ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದು, ಅಪ್ಪನ ಬೈಗುಳ ತಪ್ಪಿಸಿಕೊಳ್ಳಲು ಬಸ್ ನಿಲ್ದಾಣದ ಹತ್ತಿರದ ಸ್ಟುಡಿಯೋ ಸೇರಿದ್ದೆ. ನನಗೆ ದೇವರು ಕೊಟ್ಟಿದ್ದ ವಿದ್ಯೆ ಒಂದೇ, ಬೇರೆಯವರ ದನಿ. ಊರಿನ ಯಾರು ಹೇಗೆ ಕೆಮ್ಮುತ್ತಾರೆ, ಯಾರು ಸಾಲ ಕೇಳುವಾಗ ಹೇಗೆ ಮೂಗಿನಲ್ಲಿ ಮಾತಾಡುತ್ತಾರೆ, ಕಂಡಕ್ಟರ್ ಹೇಗೆ 'ಹಗರಿಬೊಮ್ಮನಹಳ್ಳಿ' ಎಂಬ ಅಷ್ಟುದ್ದದ ಊರನ್ನು ಒಂದೇ ಉಸಿರಿಗೆ ನುಂಗಿ ಬರೀ 'ಬೊಮ್ನಳ್ಳೀ' ಎಂದು ಉಗುಳುತ್ತಾನೆ, ಎಲ್ಲ ನನ್ನ ಗಂಟಲಲ್ಲಿತ್ತು. ನನ್ನದೇ ದನಿ ಹೇಗಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಒಮ್ಮೆ ಟೇಪ್ ರೆಕಾರ್ಡರಿನಲ್ಲಿ ಕೇಳಿ, ಇದ್ಯಾವ ಗಂಟಲು ಕಟ್ಟಿದ ಹುಂಜ ಎಂದು ನಾನೇ ನಕ್ಕಿದ್ದೆ.

ಸ್ಟುಡಿಯೋದ ಯಜಮಾನರು ಊರಿಗೆಲ್ಲ ಫೋಟೋ ಕಾಕಾ. ನನಗೂ ಕಾಕಾ. ಅವರಿಗೆ ನನ್ನ ಈ ವಿದ್ಯೆಯಿಂದ ಲಾಭವಿತ್ತು. ಅಳುವ ಕೂಸನ್ನು ನಗಿಸಲು, ಬಿಗಿದುಕೊಂಡು ಕೂತ ಮದುಮಗನನ್ನು ಸಡಿಲಿಸಲು ನಾನು ಬೇಕಿತ್ತು. ಮಧ್ಯಾಹ್ನ ಊಟವಾದ ಮೇಲೆ ಬುತ್ತಿ ಡಬ್ಬಿ ತೊಳೆದಿಟ್ಟು, "ಏನಲೇ, ಇವತ್ತು ಯಾರನ್ನ ಕರಕೊಂಡು ಬಂದಿ?" ಎಂದು ಕೇಳುವರು. ನಾನು ಒಬ್ಬರನ್ನು ಕರೆದುಕೊಂಡು ಬರುತ್ತಿದ್ದೆ.

ಸರ್ ನನಗೆ ಏಳನೇ ತರಗತಿಯಲ್ಲಿ ವಿಜ್ಞಾನ ಕಲಿಸಿದವರು. ಪಾಠಕ್ಕೆ ನಿಂತರೆ ಪ್ರತಿ ವಾಕ್ಯದ ಮುಂಚೆ ಅವರಿಗೆ ಗಂಟಲು ಸರಿಮಾಡಿಕೊಳ್ಳುವ 'ಹ್ಹೂಂ' ಒಂದು ಬೇಕೇಬೇಕು. ವಾಕ್ಯದ ಕೊನೆಗೆ 'ಅಂದರೆ ಏನಪ್ಪಾ?' ಬೇಕೇಬೇಕು. ಒಂದು ದಿನ ಅವರು ಬರುವ ಮೊದಲೇ ನಾನು ಮೇಜಿನ ಹಿಂದೆ ನಿಂತು ಅವರಾಗಿದ್ದೆ. ತರಗತಿ ನಗುತ್ತಿದ್ದದ್ದು ಥಟ್ಟನೆ ನಿಂತಾಗಲೇ ಗೊತ್ತಾಯಿತು, ಅಸಲಿ ಮಾಲು ಬಾಗಿಲಲ್ಲಿದೆ ಎಂದು. ಕಿವಿ ಹಿಡಿಯಲು ಕೈ ತಾನೇ ಮುಂದಾಯಿತು, ನನ್ನ ಕೈ, ನನ್ನ ಕಿವಿಗೆ. ಸರ್ ಒಳಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು, "ಹ್ಹೂಂ. ಇನ್ನೊಮ್ಮಿ ಮಾಡು. ಕೆಮ್ಮು ಸ್ವಲ್ಪ ಕಡಿಮಿ ಆತು" ಅಂದರು. ಆವತ್ತು ಪಾಠ ಪೂರ್ತಿ ನಾನೇ ಮಾಡಬೇಕಾಯಿತು. ಆ ಒಂದು ಪಾಠ ನನಗೆ ಇವತ್ತಿಗೂ ಬಾಯಿಪಾಠ. ಬೇರೆ ಯಾರಾದರೂ ಆಗಿದ್ದರೆ ಬೆನ್ನಿನ ಮೇಲೆ ಬರೆ ಬಿದ್ದು ನನ್ನ ಗಂಟಲು ಅಲ್ಲೇ ಮುಚ್ಚಿಹೋಗುತ್ತಿತ್ತು.

ಅಂಥ ಸರ್ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಒಂದು ಸಂಜೆ ಸ್ಟುಡಿಯೋಕ್ಕೆ ಬಂದು ಬೆಂಚಿನ ಮೇಲೆ ಕೂತು ಹೇಳಿದರು:

"ಹ್ಹೂಂ. ನೋಡ್ರಿ ಯಜಮಾನ್ರ. ನೌಕರಿ ಸೇರಿದಾಗಿಂದ ಹಲಗಿ ಮ್ಯಾಲೆ ಸೀಮೆಸುಣ್ಣದಾಗ ಒಂದು ಗುಂಡಗ ಬರೀತೀನಿ, ಇದು ಚಂದ್ರ ಅಂತೀನಿ. ಮಕ್ಳು ಹೌದು ಸರ್ ಅಂತಾವ. ರೊಟ್ಟಿ ಬರದು ಚಂದ್ರ ಅಂದ್ರೂ ಹೌದು ಅಂತಾವ. ಕೊನಿ ಪಾಠಕ್ಕಾದ್ರೂ ಖರೇ ಚಂದ್ರನ ಫೋಟೋ ಗ್ವಾಡಿ ಮ್ಯಾಲೆ ಇರಬೇಕು. ಪುಸ್ತಕದಾಗಿಂದ ಹರದದ್ದಲ್ಲ. ನಮ್ಮೂರಾಗ ನಿಂತು ನಮ್ಮವರು ತಗದದ್ದು. ಅದರಾಗಿನ ಗುಂಡಿ ಮಕ್ಳಿಗೆ ಬೊಟ್ಟಿಲೆ ಮುಟ್ಟಿ ತೋರಿಸಬೇಕು ನಾನು."

ಅಷ್ಟೇ ಅವರ ಆಸೆ. ಅದಕ್ಕೇ ಆ ಉದ್ದನೆಯ ಲೆನ್ಸು, ಅದಕ್ಕೇ ಆ ಮಂಡಕ್ಕಿ. ಮಂಡಕ್ಕಿಯನ್ನು ಅವರ ಕೈಯಲ್ಲಿಟ್ಟಾಗ ಕನ್ನಡಕ ಮೇಲೇರಿಸಿ ನೋಡಿ, "ಲೆನ್ಸಿನಾಗ ಆಗೂದಲ್ಲಪಾ ಇದು. ದೂರದರ್ಶಕ ಬೇಕು" ಅಂದರು. ಅವರ ಶಿಷ್ಯನೊಬ್ಬ ಹರಪನಹಳ್ಳಿಯ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ. ಅಲ್ಲಿ ಬೀರುವಿನಲ್ಲಿ ಒಂದಿತ್ತಂತೆ. ಶನಿವಾರ ಒಯ್ದು ಸೋಮವಾರ ಬೆಳಿಗ್ಗೆ ತಂದಿಡಬೇಕು ಎಂಬ ಷರತ್ತಿನ ಮೇಲೆ ಕೊಟ್ಟ.

ತರಲು ನಾನೂ ಸರ್ರೂ ಹೋದೆವು. ಬಿಳಿಯ ಕೊಳವೆ, ನನ್ನ ಎದೆಯೆತ್ತರ, ಹಳೇ ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡೆ. ಬಸ್ಸಿನಲ್ಲಿ ಕಂಡಕ್ಟರ್ ಬಂದು ಕಂಬಳಿಯ ತುದಿ ಎತ್ತಿ ನೋಡಿದ.

"ಏನ್ರಿ ಇದು, ಬೋರಿನ ಪೈಪಾ?"

"ದೂರದರ್ಶಕಪ್ಪ. ಚಂದ್ರನ್ನ ನೋಡೋದು" ಅಂದರು ಸರ್.

"ಅದನ್ನ ನೋಡಾಕ ಪೈಪ್ ಯಾಕ್ರಿ ಸರ್, ಹೊರಗ ಬಂದ್ರ ಕಾಣ್ತದಲ್ಲ!"

ಹಿಂದಿನ ಸೀಟಿನ ಅಜ್ಜಿಯೊಬ್ಬಳು, "ಕೂಸಿಗೆ ಏನಾಗೈತಪ್ಪಾ, ಅಷ್ಟ್ ಬಿಗಿಯಾಗಿ ಸುತ್ತೀಯಲ್ಲ, ಉಸಿರುಕಟ್ಟೀತು" ಅಂದಳು. ನಾನು ಕೂಡಲೇ ಕೊಳವೆಯನ್ನು ತೊಡೆಯ ಮೇಲೆ ಮಲಗಿಸಿ ತಟ್ಟುತ್ತ, ಕೂಸಿನ ದನಿಯಲ್ಲಿ ಸಣ್ಣಗೆ ಅತ್ತೆ. ಕಂಡಕ್ಟರ್ ನಕ್ಕು ಲಗೇಜು ಚೀಟಿ ಹರಿಯುವುದನ್ನೇ ಮರೆತ. ಸರ್ ಕಿಟಕಿಯ ಕಡೆ ಮುಖ ತಿರುಗಿಸಿದರು. ಭುಜ ಅಲ್ಲಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಷಷ್ಠಿಯೋ ಸಪ್ತಮಿಯೋ ಇರಬೇಕು, ಚಂದ್ರ ಅರ್ಧ ಇದ್ದ. ನಾನು ಪೆದ್ದನ ಹಾಗೆ ಕೇಳಿದ್ದೆ, "ಹುಣ್ಣಿಮಿ ತನಕ ತಡಿಬಾರದೇನ್ರಿ ಸರ್, ಪೂರ್ತಿ ಮುಖ ಸಿಕ್ತಿತ್ತು." ಅದಕ್ಕೆ ಸರ್, "ಮಟಮಟ ಮಧ್ಯಾಹ್ನ ನೇಗಿಲ ಸಾಲು ಕಾಣಸ್ತಾವೇನು? ಸಂಜಿ ಬಿಸಿಲು ಅಡ್ಡ ಬಿದ್ದಾಗ ನೋಡು, ಎತ್ತಿನ ಗೊರಸಿನ ಗುರುತೂ ಕಾಣಸ್ತಾವ. ಚಂದ್ರನ ಗುಂಡೀನೂ ಹಂಗ. ಅಡ್ಡ ಬೆಳಕು ಬೇಕು" ಅಂದಿದ್ದರು. ಕೇಳಿ ನನಗೆ ನಗು ಬಂತು. ಏಕೆಂದರೆ ಸ್ಟುಡಿಯೋದಲ್ಲಿ ಕಾಕಾ ಕಲಿಸಿದ್ದು ಇದೇ ಪಾಠದ ಉಲ್ಟಾ. "ಅಡ್ಡ ಲೈಟ್ ಹಾಕಬ್ಯಾಡಲೇ, ಮುಖದಾಗಿನ ಮೊಡವಿ ಗುಡ್ಡ ಆಗ್ತಾವ. ಎದುರಿಗೆ ಹಾಕು, ಎಲ್ಲ ಸಾಪ್!"

ಸರ್ ಮನೆಯ ಮಾಳಿಗೆಯ ಮೇಲೆ ಭಾನುವಾರ ಸಂಜೆ ಕೊಳವೆಯನ್ನು ನಿಲ್ಲಿಸಿದೆವು. ಪುಣ್ಯಕ್ಕೆ ಕರೆಂಟು ಹೋಯಿತು. ಕರೆಂಟು ಕಂಪನಿಗೆ ನಾನು ಕೈ ಮುಗಿದದ್ದು ಜೀವನದಲ್ಲಿ ಅದೊಂದೇ ಸಲ. ಊರು ಕತ್ತಲಾಯಿತು, ಚಂದ್ರ ಇನ್ನಷ್ಟು ಬೆಳ್ಳಗಾದ. ಮೊದಲು ಸರ್ ಕಣ್ಣಿಟ್ಟು ನೋಡಿದರು. 'ಹ್ಹೂಂ' ಅನ್ನಲಿಲ್ಲ. ಆಮೇಲೆ ನಾನು ನೋಡಿದೆ. ಸುಣ್ಣದ ಗೋಡೆಗೆ ಮಳೆ ಹನಿ ಬಡಿದು ಕಿತ್ತುಹೋದಂತೆ ಗುಂಡಿ, ಗುಂಡಿಯೊಳಗೆ ಗುಂಡಿ, ಬೆಳಕಿಗೂ ಕತ್ತಲಿಗೂ ನಡುವಿನ ಅಂಚಿನಲ್ಲಿ ಪ್ರತಿಯೊಂದಕ್ಕೂ ಕರ್ರನೆಯ ನೆರಳು. ಯಾರ ದನಿಯಲ್ಲಿ ಮಾತಾಡಬೇಕೋ ತಿಳಿಯಲಿಲ್ಲ.

ಕ್ಯಾಮೆರಾ ಅಂದರೆ ನಮ್ಮ ಸ್ಟುಡಿಯೋದ ಎರಡು ಕಣ್ಣಿನ ಡಬ್ಬಿ. ಮೇಲಿನ ಕಣ್ಣಿನಿಂದ ನಾವು ನೋಡಬೇಕು, ಕೆಳಗಿನ ಕಣ್ಣಿನಿಂದ ಅದು ಫೋಟೋ ತೆಗೆಯುತ್ತದೆ. ಮದುವೆಗೆ ಅಡ್ಡಿಯಿಲ್ಲ. ಆದರೆ ದೂರದರ್ಶಕಕ್ಕೆ ಇರುವುದು ಒಂದೇ ಕಣ್ಣು. ಮೇಲಿನ ಕಣ್ಣಿಗೆ ಚಂದ್ರನನ್ನು ತಂದು, ಆಮೇಲೆ ಡಬ್ಬಿಯನ್ನು ಅಷ್ಟೇ ಎತ್ತರಕ್ಕೆ ಏರಿಸಿ ಕೆಳಗಿನ ಕಣ್ಣನ್ನು ಅಲ್ಲಿಗೆ ಕೂಡಿಸಬೇಕು. ಅಷ್ಟರಲ್ಲಿ ಆ ಮಹಾರಾಯ ಜರುಗಿಬಿಡುತ್ತಿದ್ದ. ಬರಿಗಣ್ಣಿಗೆ ಅವನು ಎಷ್ಟು ಸಾಧು! ದೂರದರ್ಶಕದಲ್ಲಿ ಬಸ್ಸು ಹಿಡಿಯಲು ಹೊರಟವನಂತೆ ಸರಸರ ನಡೆಯುತ್ತಾನೆ. ನಾನು ಕಾಕಾನ ದನಿ ತೆಗೆದೆ. "ಅಲ್ಲಾಡಬ್ಯಾಡ್ರಿ... ಗದ್ದ ಚೂರು ಕೆಳಗ... ಉಸಿರು ಹಿಡೀರಿ... ಈಗ ನಗ್ರಿ!"

ಕ್ಯಾಮೆರಾದ ಗುಂಡಿ ಒತ್ತಿದರೆ ಡಬ್ಬಿ ನಡುಗುತ್ತಿತ್ತು, ಚಂದ್ರ ಅದರ ಹತ್ತರಷ್ಟು ನಡುಗುತ್ತಿದ್ದ. ಅದಕ್ಕೆ ಸರ್ ಉಪಾಯ ಹೇಳಿದರು. ಕೊಳವೆಯ ಬಾಯಿಗೆ ಫೋಟೋ ಪೇಪರಿನ ಪೆಟ್ಟಿಗೆಯ ಮುಚ್ಚಳ ಅಡ್ಡ ಹಿಡಿಯುವುದು. ನಾನು ಕ್ಯಾಮೆರಾದ ಕಣ್ಣು ತೆರೆದಿಟ್ಟು ಕೂಗುವುದು. ನಡುಕ ನಿಂತ ಮೇಲೆ ಅವರು ಮುಚ್ಚಳವನ್ನು ರೆಪ್ಪೆ ಬಡಿದಷ್ಟು ಹೊತ್ತು ಸರಿಸಿ ಮತ್ತೆ ಮುಚ್ಚುವುದು. ಕೊಳವೆಯ ಬಾಯಿ ಆಕಾಶಕ್ಕಿತ್ತು. ಹಾಗಾಗಿ ಸರ್ ಸ್ಟೂಲಿನ ಮೇಲೆ, ಧೋತ್ರದ ತುದಿ ಸಿಕ್ಕಿಸಿ, ಎರಡೂ ಕೈಯಲ್ಲಿ ಮುಚ್ಚಳ ಹಿಡಿದು. ನಾನು ಕೆಳಗೆ ಮೊಣಕಾಲೂರಿ. ದೂರದಿಂದ ನೋಡಿದವರಿಗೆ ಯಾರೋ ಗೆಲುವಿನ ಮಾಲೆ ಹಿಡಿದು ನಿಂತಿದ್ದಾರೆ, ಇನ್ನೊಬ್ಬ ಕಾಲಿಗೆ ಬಿದ್ದಿದ್ದಾನೆ ಎನಿಸಬೇಕು.

ಸರ್ ಮನೆಯವರು ನಿಚ್ಚಣಿಕೆಯಲ್ಲಿ ಅರ್ಧ ಹತ್ತಿ ಬಂದು ತಲೆ ಮಾತ್ರ ತೋರಿಸಿದರು. "ರೀ, ರಿಟೈರ್ ಆಗಾಕ ಇನ್ನಾ ನಾಕ್ ದಿನ ಐತಿ. ಬಿದ್ದು ಕಾಲ್ ಮುರಕೊಂಡು ಈಗಿಂದೀಗ ಆಗಬ್ಯಾಡ್ರಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡೀನಿ, ಆರಿಹೋಗ್ತಾವ. ಚಂದ್ರ ನಾಳಿಗೂ ಇರ್ತಾನ."

"ಚಂದ್ರ ಇರ್ತಾನ, ಈ ಕೊಳವಿ ಇರಾದಿಲ್ಲ" ಅಂದರು ಸರ್, ಮುಚ್ಚಳ ಇಳಿಸದೆ.

ರೋಲು ಮುಗಿಯಿತು. ಆರಿದ ಮಿರ್ಚಿಯನ್ನೇ ತಿಂದೆವು. ನನ್ನ ಬಾಯಿಗೆ ಇವತ್ತಿಗೂ ಅದಕ್ಕಿಂತ ರುಚಿಯಾದದ್ದು ಬಿದ್ದಿಲ್ಲ. ಮರುದಿನ ಬೆಳಿಗ್ಗೆ ದೂರದರ್ಶಕ ಮತ್ತೆ ಕಂಬಳಿ ಹೊದ್ದು ತನ್ನೂರಿಗೆ ಹೋಯಿತು.

ಫಿಲ್ಮು ಕಪ್ಪು ಬಿಳುಪಿನದು, ನಾನೇ ತೊಳೆದೆ. ಒಂದರಲ್ಲಿ ಚಂದ್ರನಿಗೆ ಎರಡು ಹಣೆ. ಒಂದರಲ್ಲಿ ಅಂಚಿಗೆ ಸಿಕ್ಕಿ ತುಂಡಾಗಿದ್ದಾನೆ. ಒಂದರಲ್ಲಿ ಅವನೇ ಇಲ್ಲ. ಒಂದು, ಒಂದೇ ಒಂದು, ಸೂಜಿಯಲ್ಲಿ ಕೊರೆದಂತೆ ಬಂದಿತ್ತು. ಪಾಸ್‌ಪೋರ್ಟ್ ಫೋಟೋದ ಮುಖದಷ್ಟು ದೊಡ್ಡದು. ಸರ್ ಓಡೋಡಿ ಬಂದು ನೆಗೆಟಿವ್ ಅನ್ನು ಕಿಟಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದರು. "ಬಂದಾವಲೇ! ಎಲ್ಲಾ ಬಂದಾವ!" ಅಂದರು. 'ಹ್ಹೂಂ' ಅನ್ನಲೂ ಪುರಸೊತ್ತಿರಲಿಲ್ಲ. ದೊಡ್ಡದು ಮಾಡಿ ಪ್ರಿಂಟ್ ಹಾಕಲು ಕರೆಂಟು ಇರಲಿಲ್ಲ. ಅಷ್ಟರಲ್ಲಿ ನನಗೆ ಹಡಗಲಿಯ ಮದುವೆಗೆ ಹೋಗಬೇಕಿತ್ತು. "ನೀ ಹೋಗಿ ಬಾ. ನಾ ಹಾಕಿ ಕೊಡ್ತೀನಿ ಸರ್‌ಗೆ, ನನ್ ಕೈಯಾರೆ" ಎಂದರು ಕಾಕಾ.

ಕೈಯಾರೆ ಎಂದರೆ ಕಾಕಾ ನಿಜವಾಗಿಯೂ ಕೈಯಾರೆ. ಅವರ ದೊಡ್ಡ ಹೆಸರು ಟಚಿಂಗಿನಲ್ಲಿ. ಇಳಿಜಾರು ಮೇಜಿನ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಒಂದು ಹನಿ ಅಂಟುದ್ರವ ಸವರಿ, ಸೂಜಿಯಂತೆ ಕೆತ್ತಿದ ಪೆನ್ಸಿಲ್ಲಿನಿಂದ ಮುಖದ ಕಲೆ, ಮೊಡವೆ, ಕಣ್ಣಡಿಯ ಕಪ್ಪು ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ತುಂಬಿಬಿಡುವರು. ಎಲ್ಲಿ ಬೆಳಕು ಹೆಚ್ಚಾಗಿದೆಯೋ ಅಲ್ಲಿ ಬ್ಲೇಡಿನ ಮೂಲೆಯಿಂದ ಹೆರೆಯುವರು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ, ತುಂಬಿದ್ದು ಪ್ರಿಂಟಿನಲ್ಲಿ ಬೆಳ್ಳಗೆ, ಹೆರೆದದ್ದು ಕರ್ರಗೆ. ಕೂಡ್ಲಿಗಿಯಿಂದ, ಹೊಸಹಳ್ಳಿಯಿಂದ ಹೆಣ್ಣು ಹೆತ್ತವರು ಬಸ್ಸು ಹತ್ತಿ ಅವರ ಹತ್ತಿರ ಬರುತ್ತಿದ್ದರು, ಗಂಡಿನವರಿಗೆ ಕಳಿಸುವ ಫೋಟೋ ಅಂದರೆ ನಮ್ಮ ಸ್ಟುಡಿಯೋದ್ದೇ ಆಗಬೇಕು ಎಂದು. "ನಮ್ಮ ಬಾಗಿಲು ದಾಟಿ ಕಲಿ ಇರೋ ಮುಖ ಹೊರಗ ಹೋಗಿಲ್ಲ" ಎಂಬುದು ಅವರ ಹೆಮ್ಮೆ.

ನಾನು ಹಡಗಲಿಯಿಂದ ಬಂದಾಗ ಕಾಕಾ ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ಮೊಮ್ಮಗ ಹುಟ್ಟಿದ ಕಳೆ.

"ಬಾರಲೇ ಬಾ. ನಿನ್ನ ಚಂದ್ರನ್ನ ನೋಡು."

ಪ್ರಿಂಟು ನೋಡಿದೆ. ಅರ್ಧ ಕುಯ್ದ ಇಡ್ಲಿ. ನುಣ್ಣಗೆ, ಬೆಳ್ಳಗೆ, ಹೊಳಪಾಗಿ. ಒಂದು ಗುಂಡಿಯಿಲ್ಲ, ಒಂದು ನೆರಳಿಲ್ಲ. ಹೆಣ್ಣು ಮಕ್ಕಳ ಎಷ್ಟೋ ಮುಖಗಳನ್ನು ಪಾರು ಮಾಡಿದ ಆ ಪೆನ್ಸಿಲ್ಲು ಚಂದ್ರನನ್ನೂ ಗಂಡಿನವರಿಗೆ ತೋರಿಸಲು ಸಿದ್ಧ ಮಾಡಿತ್ತು.

"ಎರಡು ಸಂಜಿ ಕುಂತೀನಿ" ಅಂದರು ಕಾಕಾ. "ಏನ್ ಮುಖಲೇ ಅದು! ಮೈಲಿ ಬೇನಿ ಬಿದ್ದೋರ್ದೂ ಇಷ್ಟ್ ಕೆಟ್ಟಿರಾದಿಲ್ಲ. ಎಲ್ಲಾ ತುಂಬೀನಿ. ಇನ್ನರ್ಧ ಮುಖಕ್ಕ ಬೆಳಕು ಬಿದ್ದಿಲ್ಲ ನೋಡು, ಅದೊಂದು ತರಾಕ ಆಗಲಿಲ್ಲ."

"ಸರ್ ನೋಡಿದ್ರೇನು?"

"ಒಯ್ದ್ರು. ಚಂದ ಐತಿ ಅಂದ್ರು. ಎರಡ್ಸಲ ಅಂದ್ರು."

ಸರ್ ಒಳ್ಳೆಯದನ್ನು ಒಮ್ಮೆ ಮಾತ್ರ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಅವರ ಮನೆಗೆ ಓಡಿದೆ. ಪಡಸಾಲೆಯಲ್ಲಿ ರಟ್ಟು ಹಾಸಿಕೊಂಡು, ಇದ್ದಿಲಿನ ಚೂರಿನಿಂದ ಚಂದ್ರನನ್ನು ಬರೆಯುತ್ತ ಕೂತಿದ್ದರು. ಕಂಡದ್ದನ್ನು ನೆನಪಿನಿಂದ. ಚಂದ ಬರುತ್ತಿರಲಿಲ್ಲ, ಸುಟ್ಟ ರೊಟ್ಟಿಯಂತಿತ್ತು. ನನ್ನನ್ನು ನೋಡಿ ಕೈ ಒರೆಸಿಕೊಂಡರು.

"ಸರ್, ನಾನು ಕಾಕಾಗ ಹೇಳ್ತೀನಿ."

"ಹ್ಹೂಂ. ಏನೂ ಹೇಳಬ್ಯಾಡ. ಆತ ಎರಡು ಸಂಜಿ ಕಣ್ಣು ದಣಿಸಿ ಮಾಡ್ಯಾನ. ಆತ ಆ ಕೊಳವಿ ಒಳಗ ಇಣಿಕಿ ನೋಡಿಲ್ಲ, ನಾವೂ ಕರಿಲಿಲ್ಲ. ಪ್ರೀತಿಲೆ ಮಾಡಿದ್ದನ್ನ ಹಿಂಗಲ್ಲ ಅಂದ್ರ ಆತನ ಮನಸ್ಸು ಮುರೀತದ, ಅಂದರೆ ಏನಪ್ಪಾ? ನೀ ಮಾತು ಕೊಡು. ಹೇಳೋದಿಲ್ಲ ಅಂತ."

ಮಾತು ಕೊಟ್ಟೆ. ಕೊಟ್ಟು ಬರುವಾಗ ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದೆ. ಕೊನೆಯ ಪಾಠಕ್ಕೆ ಉಳಿದದ್ದು ಒಂದು ದಿನ. ದೂರದರ್ಶಕವಿಲ್ಲ. ಇರುವ ಒಂದು ನೆಗೆಟಿವ್ ಪೆನ್ಸಿಲ್ಲಿನಡಿ ಮುಚ್ಚಿಹೋಗಿದೆ. ಪೆನ್ಸಿಲ್ಲು ಟರ್ಪಂಟೈನಿನಲ್ಲಿ ಅಳಿಸಿಹೋಗುತ್ತದೆ ಎಂಬುದು ನನಗೂ ಗೊತ್ತು. ಆದರೆ ಬೇರೆಯವರ ಟಚಿಂಗಿಗೆ ಕೈ ಹಾಕುವುದು, ಬೇರೆಯವರ ತಾಟಿಗೆ ಕೈ ಹಾಕಿದ ಹಾಗೆ. ಅಳಿಸಿದರೆ ಕಾಕಾನೇ ಅಳಿಸಬೇಕು. ಕಾಕಾಗೆ ನಾನು ಹೇಳುವಂತಿಲ್ಲ.

ನಾನು ಹೇಳುವಂತಿಲ್ಲ, ಸರಿ. ಸರ್ ಹೇಳಿದರೆ?

ಮರುದಿನ ಮಧ್ಯಾಹ್ನ ಬುತ್ತಿ ಮುಗಿಯಿತು. ಕಾಕಾ ಡಬ್ಬಿ ತೊಳೆದಿಟ್ಟರು. "ಏನಲೇ, ಇವತ್ತು ಯಾರನ್ನ ಕರಕೊಂಡು ಬಂದಿ?"

"ಹ್ಹೂಂ" ಅಂದೆ.

ಕಾಕಾ ತೊಡೆ ತಟ್ಟಿ ನಕ್ಕರು. "ಬರ್ರಿ ಸರ್, ಬರ್ರಿ, ಕುಂದರ್ರಿ!"

ನಾನು ಕೂರಲಿಲ್ಲ. ಬಣ್ಣದ ಪರದೆಯ ಮುಂದೆ, ಮದುಮಕ್ಕಳು ನಿಲ್ಲುವ ಜಾಗದಲ್ಲಿ ನಿಂತು ಪಾಠ ಶುರು ಮಾಡಿದೆ. "ಹ್ಹೂಂ. ಮಕ್ಕಳೇ, ಇದು ಚಂದ್ರ. ಇದರ ಮೇಲೆ ಕಾಣುವುದು ಕಲೆಯಲ್ಲ, ಗುಂಡಿ. ಅಂದರೆ ಏನಪ್ಪಾ? ಆಕಾಶದಿಂದ ಬಂಡೆಗಳು ಬಂದು ಬಡಿದ ಗುಂಡಿ. ಒಂದೊಂದರೊಳಗೆ ನಮ್ಮ ಕೊಟ್ಟೂರು, ಕೂಡ್ಲಿಗಿ ಎರಡೂ ಹಿಡಿಸುತ್ತವೆ. ನಡುವೆ ಬಸ್ಸೂ ಓಡಾಡಬಹುದು, ಆದರೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ."

ಕಾಕಾ ಕಣ್ಣೀರು ಬರುವಂತೆ ನಗುತ್ತಿದ್ದರು.

"ಹ್ಹೂಂ. ಈ ಗುಂಡಿಗೆ ಒಂದು ನೆರಳಿದೆ. ನೆರಳು ಇದ್ದರೆ ಆಳ ತಿಳಿಯುತ್ತದೆ. ನಾನು ಸೇವೆಗೆ ಸೇರಿದಾಗಿನಿಂದ ಮಕ್ಕಳಿಗೆ ಈ ಗುಂಡಿಯನ್ನು ಬೆರಳಿನಿಂದ ಮುಟ್ಟಿ ತೋರಿಸಬೇಕು ಎಂದುಕೊಂಡಿದ್ದೇನೆ. ಗುಂಡಿ ಇಲ್ಲದ ಚಂದ್ರನನ್ನು ನಾನು ಸೀಮೆಸುಣ್ಣದಲ್ಲೇ ಬರೆಯುತ್ತಿದ್ದೆನಲ್ಲ. ಅದಕ್ಕೆ ಸ್ಟೂಲಿನ ಮೇಲೆ ಯಾಕೆ ಹತ್ತುತ್ತಿದ್ದೆ?"

ಕಾಕಾನ ನಗು ನಡುವೆ ನಿಂತಿತು. "ತಡಿಯಲೇ" ಅಂದರು. ಎದ್ದು ಹೋಗಿ ಆ ನೆಗೆಟಿವ್ ತಂದು ಗಾಜಿನ ಮೇಲಿಟ್ಟು ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಇವು ಕಲಿ ಅಲ್ಲೇನು ಹಂಗಾದ್ರ?"

ನಾನು ಪರದೆಯ ಒಂದು ಮಡಿಕೆ ಬಿಡಿಸಿದೆ.

"ಸರ್‌ಗ ಬೇಕಾಗಿದ್ವು ಇವೇನಾ?"

ಇನ್ನೊಂದು ಮಡಿಕೆ ಬಿಡಿಸಿದೆ.

"ನೀ ಮುಂಚೆ ಹೇಳಾಕ ಏನಾಗಿತ್ತಲೇ ನಿನಗ, ಮಂಗ್ಯಾನ ಮಗನ?"

"ನಾನು ಈಗಲೂ ಹೇಳಿಲ್ಲ ಕಾಕಾ. ಮಾತು ಕೊಟ್ಟೀನಿ. ಹೇಳಿದ್ದು ಸರ್."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಶೆಲ್ಫಿನಿಂದ ಟರ್ಪಂಟೈನ್ ಶೀಸೆ ಇಳಿಸಿ, ಹತ್ತಿ ಸುರುಳಿ ಮಾಡಿ ಕಡ್ಡಿಗೆ ಸುತ್ತಿದರು. ತಮ್ಮ ಎರಡು ಸಂಜೆಗಳನ್ನು ತಾವೇ ಒರೆಸಲು ಕೂತರು. ಒತ್ತಿದರೆ ಫಿಲ್ಮು ಗೀರುತ್ತದೆ, ಒತ್ತದಿದ್ದರೆ ಪೆನ್ಸಿಲ್ಲು ಬಿಡುವುದಿಲ್ಲ. ಹತ್ತಿ ಕಪ್ಪಾಗುತ್ತಿದ್ದಂತೆ ಒಂದೊಂದೇ ಗುಂಡಿ ಮೇಲೆದ್ದು ಬಂತು. ಒಬ್ಬ ಕಸುಬುದಾರ ತನ್ನ ಅತ್ಯುತ್ತಮ ಕೆಲಸವನ್ನು ಇನ್ನೊಬ್ಬರ ಸಂತೋಷಕ್ಕೆಂದು ಅಳಿಸುವುದನ್ನು ನಾನು ನೋಡಿದ್ದು ಅದೇ ಮೊದಲು. ಇಂದಿಗೂ ಯಾರಿಗಾದರೂ ಮನಸ್ಸಿನಲ್ಲಿ ಕೈ ಮುಗಿಯಬೇಕಾದರೆ ಆ ಬಗ್ಗಿದ ಬೆನ್ನು ಕಣ್ಣೆದುರು ಬರುತ್ತದೆ.

ಒಂದು ಜಾಗ ಮಾತ್ರ ಮರಳಲಿಲ್ಲ. ಕೆಳಗಡೆ, ಒಂದು ಹೊಳೆಯುವ ಚುಕ್ಕೆಯನ್ನು ಕಾಕಾ ಬ್ಲೇಡಿನಲ್ಲಿ ಹೆರೆದುಬಿಟ್ಟಿದ್ದರು. ಹೆರೆದದ್ದಕ್ಕೆ ಟರ್ಪಂಟೈನ್ ಏನು ಮಾಡೀತು? ಪ್ರಿಂಟಿನಲ್ಲಿ ಅದು ಅಕ್ಕಿಕಾಳಿನಷ್ಟು ಕಪ್ಪು ಗೀರಾಗಿ ಬಂತು. "ಇದೊಂದು ನನ್ ಗಾಯ ಉಳೀತಲೇ" ಎಂದು ಕಾಕಾ ಬೆರಳು ಕಚ್ಚಿಕೊಂಡರು.

ಸಂಜೆ ಸರ್ ಮತ್ತು ಅವರ ಮನೆಯವರು ಬೀಳ್ಕೊಡುಗೆಯ ಫೋಟೋಕ್ಕೆಂದು ಸ್ಟುಡಿಯೋಕ್ಕೆ ಬಂದರು. ಕಾಕಾ ಏನೂ ಹೇಳದೆ ಹೊಸ ಪ್ರಿಂಟನ್ನು ಅವರ ಕೈಯಲ್ಲಿಟ್ಟರು. ಸರ್ ನೋಡಿದರು, ನನ್ನ ಕಡೆ ತಿರುಗಿದರು. ನಾನು ಮೇಲಿನ ಜಂತಿ ಎಣಿಸುತ್ತಿದ್ದೆ.

"ಇವ ಏನೂ ಹೇಳಿಲ್ಲ ಬಿಡ್ರಿ ಸರ್" ಅಂದರು ಕಾಕಾ. "ನೀವ ಬಂದು ಹೇಳಿ ಹೋದ್ರಿ, ಮಧ್ಯಾಹ್ನ."

ಸರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪ್ರಿಂಟು ನೋಡಿ, "ಚಂದ ಐತಿ" ಅಂದರು. ಒಂದೇ ಸಲ.

ಕ್ಯಾಮೆರಾದ ಮುಂದೆ ಕೂರಿಸಿ ಬೆಳಕು ಹಾಕುವಾಗ ಕಾಕಾ ಅನುಮಾನಿಸಿದರು. ಸರ್ ಮುಖದ ತುಂಬ ಚಿಕ್ಕಂದಿನ ಮೈಲಿ ಸಿಡುಬಿನ ಕಲೆಗಳಿದ್ದವು. ನಾನು ಅವರ ಕೆಮ್ಮು, ನಡಿಗೆ, ಧೋತ್ರ ಎಲ್ಲವನ್ನೂ ಆಡಿಕೊಂಡವನು, ಅವನ್ನು ಮಾತ್ರ ಎಂದೂ ಬಾಯಿಗೆ ತಂದವನಲ್ಲ. ಕಾಕಾ ಮೆಲ್ಲಗೆ ಕೇಳಿದರು, "ಸರ್, ನಿಮ್ದು... ಹಂಗ ಇರ್ಲೇನ್ರಿ? ಅಡ್ಡ ಲೈಟ್ ಹಾಕ್ಲೇನು?"

ಸರ್ ಬಾಯಿ ತೆರೆಯುವ ಮೊದಲೇ ಅವರ ಮನೆಯವರು ಹಿಂದಿನಿಂದ ಕೂಗಿದರು. "ಏ, ಎಲ್ಲಾ ತಗೀರಿ ಯಜಮಾನ್ರ! ಲಗ್ನ ಆದಾಗಿಂದ ನೋಡಿ ನೋಡಿ ಸಾಕಾಗೈತಿ. ಫೋಟೋದಾಗಾದ್ರೂ ಸಾಪಾಗಿರ್ಲಿ!"

"ಹ್ಹೂಂ. ತಗೀರಿ, ತಗೀರಿ" ಅಂದರು ಸರ್. "ನಾನೇನು ಚಂದ್ರ ಅಲ್ಲ."

ಕಾಕಾನ ಮುಖ ಅರಳಿತು. ಎದುರಿನಿಂದ ಲೈಟು ಹಾಕಿದರು.

ಮರುದಿನ ಶಾಲೆಯಲ್ಲಿ, ಗಾಜಿನ ಕಟ್ಟು ಹಾಕಿದ ಆ ಚಂದ್ರನನ್ನು ಗೋಡೆಗೆ ತೂಗುಹಾಕಿದವರು ಕಾಕಾನೇ. ಮೊಳೆ ಹೊಡೆದು ಹೊರಡಲಿದ್ದವರನ್ನು ಸರ್ ಬಿಡಲಿಲ್ಲ. ನಾನೂ ಅವರೂ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತೆವು. ಸರ್ ಪಾಠ ಮಾಡಿದರು. ಒಂದೊಂದೇ ಗುಂಡಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಮಕ್ಕಳು ಹತ್ತಿರ ಬಂದು ತಾವೂ ಮುಟ್ಟಿದವು, ತಳ ಸಿಗುತ್ತದೇನೋ ಎಂಬಂತೆ ಗಾಜನ್ನು ಒತ್ತಿದವು. ದೊಡ್ಡ ದೊಡ್ಡ ಗುಂಡಿಗಳಿಗೆಲ್ಲ ಯಾವ ಯಾವುದೋ ದೇಶದ ಪಂಡಿತರ ಹೆಸರಿಟ್ಟಿದ್ದಾರೆ ಎಂದೂ ಸರ್ ಹೇಳಿದರು. ಆಗ ಮುಂದಿದ್ದ ಒಬ್ಬಳು ಹುಡುಗಿ ಕೆಳಗಿನ ಕಪ್ಪು ಗೀರಿನ ಮೇಲೆ ಬೆರಳಿಟ್ಟಳು.

"ಸರ್, ಇದು ಯಾರ್ದು?"

ಪಕ್ಕದಲ್ಲಿ ಕಾಕಾ ಉಸಿರು ಹಿಡಿದದ್ದು ನನಗೆ ಕೇಳಿಸಿತು.

ಸರ್ ಬಗ್ಗಿ ನೋಡಿದರು. "ಹ್ಹೂಂ. ಇದು ಚಂದ್ರನ ಮ್ಯಾಲೆ ಇಲ್ಲವ್ವ. ಈ ಫೋಟೋದ ಮ್ಯಾಲೆ ಮಾತ್ರ ಐತಿ. ಇದು ಹಿಂದ ಕುಂತಾರಲ್ಲ, ನಮ್ ಫೋಟೋ ಕಾಕಾ, ಅವರ್ದು. ಅವರು ಇಲ್ಲದಿದ್ರ ಉಳಿದವು ಯಾವೂ ಕಾಣ್ತಿರಲಿಲ್ಲ. ಬರಕೊಳ್ರಿ."

ಇಡೀ ತರಗತಿ ಹಿಂದಕ್ಕೆ ತಿರುಗಿ ನೋಡಿತು. ಕಾಕಾ ಎಲ್ಲರ ಫೋಟೋ ತೆಗೆದವರು. ತಮ್ಮ ಮೇಲೆ ಅಷ್ಟು ಕಣ್ಣು ಬಿದ್ದಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಗುಂಡಿ ಹಾಕಿಕೊಂಡರು, ಬಿಚ್ಚಿದರು, ಮತ್ತೆ ಹಾಕಿಕೊಂಡರು. ಮಕ್ಕಳು ಬರೆಯುವ ಪಟ್ಟಿ ತೆರೆದು ಅರ್ಧ ಚಂದ್ರನನ್ನು ಬರೆದುಕೊಂಡವು. ನಾನು ಎದ್ದು ಬೆಂಚುಗಳ ನಡುವೆ ಇಣುಕುತ್ತ ಹೋದೆ. ಕೆಲವರ ಚಂದ್ರ ಬದನೆಕಾಯಿಯಂತಿದ್ದ, ಕೆಲವರದು ಎಮ್ಮೆ ಕೊಂಬು. ಆ ಗೀರನ್ನು ಮಾತ್ರ ಎಲ್ಲರೂ ಸರಿಯಾಗಿ, ಅದರ ಜಾಗದಲ್ಲೇ ಹಾಕಿದ್ದರು.